ನಡಾವಳಿ

ಮನಾಮ, ಹನ್ನೊಂದನೇ ಮಹಡಿ. ಕಲಾನಿಧಿ ಮಂಡಳಿಯ
ಉದ್ದ ಮೇಜಿಗೆ ಒಂಬತ್ತು ಕುರ್ಚಿ, ಐದು ತುಂಬಿದರೆ ಕೋರಂ.
ನಾನು ಮೂಲೆಯಲ್ಲಿ, ನಡಾವಳಿ ಬರೆಯುವವಳು,
ಲೆಕ್ಕಕ್ಕಿಲ್ಲದ ಹತ್ತನೆಯ ಕುರ್ಚಿ.

ಏಳನೇ ವಿಷಯ: ಮುತ್ತಿನ ಹಡಗಿನ ಹಾಡುಗಾರರ ಮನೆ, ಮುಹರ್ರಕ್.
ಸೂರಿಗಿಷ್ಟು, ಡೋಲಿನ ಚರ್ಮಕ್ಕಿಷ್ಟು ದಿನಾರ್.
‘ನನ್ನ ಅಳಿಯ ಅಲ್ಲಿ ಹಾಡುತ್ತಾನೆ’ ಎಂದು ಬೂ ನಾಸರ್ ಎದ್ದರು.
ಸಂಬಂಧವಿದ್ದವರು ಹೊರಗೆ, ಅದು ನಿಯಮ.
ಬರೆದೆ: ಹತ್ತು ನಲವತ್ತೆರಡು, ಸದಸ್ಯರು ನಿರ್ಗಮಿಸಿದರು.

ಗಾಜಿನಾಚೆ ಅವರು, ಕೈಯಲ್ಲಿ ಚಹಾ,
ಸಮುದ್ರ ಮುಚ್ಚಿ ಮಾಡಿದ ನೆಲ ನೋಡುತ್ತ.
ಬೆರಳೊಂದು ಲೋಟದ ಅಂಚಿಗೆ ತಾಳ ತಟ್ಟುತ್ತಿತ್ತು
ಅವರಿಗೇ ಗೊತ್ತಿಲ್ಲದೆ.

ಒಂದು ಶುಕ್ರವಾರ ಆ ಮನೆಯ ಹೊಸ್ತಿಲಲ್ಲಿ ಕೂತು
ನಾನೂ ಕೇಳಿದ್ದೆ. ಗಂಗೊಳ್ಳಿಯಲ್ಲಿ ಅಪ್ಪನವರು
ಬಲೆ ಎಳೆಯುವಾಗಿನ ಕೂಗು, ಅದೇ ಉಸಿರು, ಅದೇ ಬಿಡುವು.
ಏಳಬೇಕಿತ್ತೇ ನಾನೂ?
ನನಗೆ ನಿಯಮವಿಲ್ಲ.

‘ಹಾಡಿನ ಫಲಿತಾಂಶ ಅಳೆಯುವುದು ಹೇಗೆ?’ ಯಾರೋ ಅಂದರು.
‘ಮುಂದಿನ ತ್ರೈಮಾಸಿಕಕ್ಕೆ ಇಡೋಣ.’
ಯಾರೋ ಕೆಮ್ಮಿದರು. ಬರೆದೆ: ಸರ್ವಾನುಮತ.

ಹತ್ತು ಐವತ್ತೊಂದು. ಬೂ ನಾಸರ್ ಮರಳಿದರು.
ಏನಾಯಿತೆಂದು ಕೇಳಲಿಲ್ಲ, ಕೇಳುವಂತಿಲ್ಲ.
ನನ್ನ ಪೆನ್ನಿನ ಕಡೆ ಒಮ್ಮೆ ನೋಡಿದರು, ಅಷ್ಟೆ.

ಎಂಟನೇ ವಿಷಯ: ಕಟ್ಟಡದ ಏಸಿ ಗುತ್ತಿಗೆ.
ಯಾರೂ ಏಳಲಿಲ್ಲ.