ಓತೊರ್ಗಾರ್

ಕುಕ್ ಟೌನಿನ ಬೇಕರಿಯ ಮಹಡಿಯಲ್ಲಿ
ಶನಿವಾರ ಸಂಜೆ ಐದಕ್ಕೆ ಸ್ಪ್ಯಾನಿಷ್.
ನಿನಗ್ಯಾಕೆ ಅಂತ ಕೇಳಿದವರಿಗೆಲ್ಲ
ಒಂದೊಂದು ಸಲ ಒಂದೊಂದು ಕಾರಣ ಹೇಳಿದ್ದೇನೆ.

ಇವತ್ತಿನ ಕ್ರಿಯಾಪದ ಓತೊರ್ಗಾರ್.
'ಕೊಡು' ಅಂತ ಬರೆದುಕೊಂಡೆ.
ಜೆಸಿಂತಾ ಟೀಚರ್ ಅದನ್ನು ಹೊಡೆದುಹಾಕಿದರು:
ಉಪ್ಪು ಕೊಡೋಕೆ, ಬಸ್ಸಿಗೆ ಚಿಲ್ಲರೆ ಕೊಡೋಕೆ ದಾರ್ ಸಾಕು.
ಇದು ಕೋಟು ಹಾಕಿಕೊಂಡ ಮಾತು.
ರಾಜ ಬಿರುದು ದಯಪಾಲಿಸಿದಾಗ,
ಕೋರ್ಟು ಜಾಮೀನು ಮಂಜೂರು ಮಾಡಿದಾಗ,
ನೋಟರಿ ಎದುರು ಒಬ್ಬರು ಪತ್ರ ಬರೆದುಕೊಟ್ಟಾಗ.

ಬರೆದುಕೊಟ್ಟಾಗ!
ಹನ್ನೊಂದು ವರ್ಷದಿಂದ
ಕೆ.ಆರ್. ಪುರದ ಸಬ್‌ರಿಜಿಸ್ಟ್ರಾರ್ ಆಫೀಸಿನೆದುರು
ಜೆರಾಕ್ಸ್ ಅಂಗಡಿಯ ಪಕ್ಕ ಕೂತು ನಾನು ಕುಟ್ಟುವುದು ಅದನ್ನೇ:
'ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ
ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರದ ಕ್ರಮವೇನೆಂದರೆ...'

ಬೋರ್ಡಿನ ಮೇಲೊಂದು ಗಾದೆ: ಕ್ಯೆನ್ ಕಾಯಾ, ಓತೊರ್ಗಾ.
ಸುಮ್ಮನಿದ್ದರೆ ಕೊಟ್ಟಂತೆ.
ನಮ್ಮಲ್ಲೂ ಇದೆ, ಅಂದೆ, ಮೌನಂ ಸಮ್ಮತಿ ಲಕ್ಷಣಂ.
ಅಂದ ಬಾಯಿ ಮುಚ್ಚುವ ಮೊದಲೇ
ಮಂಗಳವಾರದ ಮುನಿಲಕ್ಷ್ಮಮ್ಮ ಎದುರಿಗೆ ಬಂದು ಕೂತಳು.

ಮೂವರು ತಮ್ಮಂದಿರ ನಡುವೆ ಬಂದಿದ್ದಳು.
ಹೊರಮಾವಿನಲ್ಲಿ ಹದಿನೆಂಟು ಗುಂಟೆ.
ಪೂರ್ತಿ ಓದಿ ಹೇಳಿದೆ.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಸೊಪ್ಪು ಕಿತ್ತು ಕಿತ್ತು ಸವೆದ ಬೆರಳನ್ನು
ಹೆಬ್ಬೆಟ್ಟಿನ ಯಂತ್ರ ಮೂರು ಸಲ ಒಪ್ಪಲಿಲ್ಲ.
ನಾಲ್ಕನೆಯ ಸಲ ಕಿರಿಯ ತಮ್ಮ
ತನ್ನ ಕರ್ಚೀಫಿನಲ್ಲಿ ಒರೆಸಿ, ಹಿಡಿದು, ಒತ್ತಿಸಿದ.
ನನ್ನ ಫೀಸು ಕೊಟ್ಟವನೂ ಅವನೇ.
ಅಲ್ಲಿ ದಾರ್ ಸಾಕು. ತೆಗೆದುಕೊಂಡೆ.

ಭೂತಕಾಲ, ಉತ್ತಮ ಪುರುಷ. ನಾನು ಕೊಟ್ಟೆ: ಓತೊರ್ಗೇ.
ಗಕಾರಕ್ಕೂ ಎಕಾರಕ್ಕೂ ನಡುವೆ ಒಂದು ಉ ಬರೀಬೇಕು,
ಓದಬಾರದು, ಅಂದರು ಟೀಚರ್.
ಬರೆದಂತೆ ಓದುವ ಭಾಷೆಯವಳು ನಾನು, ಕೈ ಎತ್ತಿದೆ:
ಓದದ ಅಕ್ಷರ ಅಲ್ಲೇನು ಮಾಡುತ್ತೆ?
ಅದಿಲ್ಲದಿದ್ದರೆ ಗ ನಿಲ್ಲೋದಿಲ್ಲ,
ಹ ಆಗಿ ಬರೀ ಉಸಿರಾಗಿಬಿಡುತ್ತೆ.
ಸುಮ್ಮನೆ ನಿಂತು ಅದನ್ನು ಗಟ್ಟಿ ಹಿಡಿದಿರುತ್ತೆ.

ವಾಕ್ಯ ಮಾಡಿ ಅಂದಾಗ ಉಳಿದವರು
ವೀಸಾ, ಪದವಿ, ಬಹುಮಾನ ಅಂತೆಲ್ಲ ಬರೆದರು.
ನಾನು ಮುನಿಲಕ್ಷ್ಮಮ್ಮನ ಹೆಸರು ಬರೆದು
ಕ್ರಿಯಾಪದಕ್ಕೆ ಮುಂಚೆ ಒಂದು 'ನೋ' ಇಟ್ಟೆ.
ಟೀಚರ್ ಟಿಕ್ ಹಾಕಿದರು. ವ್ಯಾಕರಣ ಸರಿಯಿದೆಯಂತೆ.

ಕೆಳಗೆ ಬನ್ನು ಬೇಯುವ ವಾಸನೆ.
ಸೋಮವಾರ ಹತ್ತೂವರೆಗೆ ಇನ್ನೊಬ್ಬ ಅಕ್ಕ ಬರುತ್ತಾಳೆ.
ಹೆಸರಿನ ಜಾಗ ಖಾಲಿ ಬಿಟ್ಟು
ಟೈಪು ಮಾಡಿಟ್ಟಾಗಿದೆ: ಸ್ವಸಂತೋಷದಿಂದ.