ಹದಿಮೂರು ಸೆಂಟಿಮೀಟರು

ತಪಕೀರ ಗಲ್ಲಿಯಲ್ಲಿ ಎಂಟುನೂರಾ ತೊಂಬತ್ತೊಂಬತ್ತು ಕೊಟ್ಟು
ಒಂದು ವಾಯರು ತಂದೆ.
ಗಲ್ಲಿಯ ಹೆಸರಿನಲ್ಲೇ ನಶ್ಯವಿದೆ,
ಕಣ್ಣಿಗೆ ಪುಡಿ ಬೀಳುತ್ತದೆಂದು ತಿಳಿಯಬೇಕಿತ್ತು.
ಡಬ್ಬಿಯೋ, ಮಂಗಳಸೂತ್ರ ಇಟ್ಟು ಕೊಡುವಂಥದು:
ಒಳಗೆ ಮಖಮಲ್ಲಿನ ಹಾಸಿಗೆ, ಅಯಸ್ಕಾಂತದ ಬಾಗಿಲು.

ಮೇಲೆ ಬರೆದದ್ದನ್ನು ಪಕ್ಕದ ಮನೆಯ ಗಾರ್ಗಿ ಓದಿ ಹೇಳಿದಳು:
ಹೆಣೆದ ನೈಲಾನು. ಒಂದು ಮೀಟರು.
ಹತ್ತು ಸಾವಿರ ಸಲ ಮಣಿದರೂ ಮುರಿಯದ್ದು.
ಅರವತ್ತೈದು ವ್ಯಾಟ್ ತನಕ.
‘ತನಕ’ದ ಮೇಲೆ ಆಕೆ ಬೆರಳಿಡಲಿಲ್ಲ, ನಾನೂ ಕೇಳಲಿಲ್ಲ.
ಅಕ್ಷರ ಸಾಸಿವೆಗಿಂತ ಸಣ್ಣದಿತ್ತು.

ಮಷೀನಿನ ಹಿಂದೆ ಗೋಡೆ, ಗೋಡೆಯಲ್ಲಿ ಪ್ಲಗ್ಗು,
ಮಷೀನಿನ ಹಲಗೆಯ ಮೇಲೆ ಮೊಬೈಲು.
ಈಗಿನ ಹೆಂಗಸರು ಕುಪ್ಪಸದ ಬೆನ್ನನ್ನು ಫೋಟೋದಲ್ಲಿ ಕಳಿಸುತ್ತಾರೆ;
ಒಂದು ಕಣ್ಣು ಅದರ ಮೇಲೆ, ಇನ್ನೊಂದು ಸೂಜಿಯ ಮೇಲೆ.
ವಾಯರು ಚುಚ್ಚಿದೆ.
ಹಲಗೆಯ ಅಂಚು ಮುಟ್ಟುವ ಮೊದಲೇ ಬಿಗಿದು ನಿಂತಿತು,
ಕಟ್ಟಿದ ಆಕಳು ಹುಲ್ಲಿಗೆ ಕತ್ತು ಚಾಚಿದ ಹಾಗೆ.

ಕೊರಳಲ್ಲೇ ಇತ್ತು ಟೇಪು.
ಎಂಬತ್ತೇಳು.
ಆ ತುದಿಯಿಂದ ಅಳೆದೆ. ಎಂಬತ್ತೇಳು.

ನಾನು ಅಕ್ಕಲಕೋಟೆಯ ಕಡೆಯವಳು, ಕಸಬಾ ಪೇಠೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಪರರ ತೋಳು ಅಳೆದವಳು.
ಎಂಬತ್ತರ ತುಂಡು ತಂದು
“ಮೀಟರಿದೆ ಬಾಯಿ, ಉದ್ದ ತೋಳು ಇಡಿ” ಅಂದವರ ಮುಂದೆ
ಬಟ್ಟೆ ಹಾಸಿ ತೋರಿಸಿ, ಜಗಳವಾಡದೆ
ಮೊಳಕೈಗೆ ನಿಲ್ಲಿಸಿದವಳು.
ಹೆಣಿಗೆಯನ್ನೂ ಉಗುರಿನಿಂದ ಕೆದರಿ ನೋಡಿದೆ.
ಹೆಣಿಗೆಯಲ್ಲ ಅದು, ಪ್ಲಾಸ್ಟಿಕ್ಕಿಗೆ ತೊಡಿಸಿದ ಕಾಲುಚೀಲ,
ಎರಡೂ ತುದಿಗೆ ಅಂಟು.

ಮರುದಿನ ಅಂಗಡಿ. ಓಸವಾಲನ ಹುಡುಗ,
ಗಡ್ಡಕ್ಕೆ ಎಣ್ಣೆ ಹಚ್ಚಿದವನು, ತಲೆ ಎತ್ತದೆ ಅಂದ:
“ಮಾವಶಿ, ಕಂಪನಿ ಮಾಲು. ಪಿನ್ನು ಹಿಡಿದು ಮೀಟರು.”
ಪಿನ್ನು ಹಿಡಿದೇ ಎಂಬತ್ತೇಳಪ್ಪ, ಅಂದೆ.
“ಥಂಡಿಗೆ ತುಸು ಕುಗ್ಗುತ್ತದೆ.”
ಏಪ್ರಿಲ್ ತಿಂಗಳು. ಅವನ ತಲೆಯ ಮೇಲಿನ ಫ್ಯಾನೂ ಬೆವರುತ್ತಿತ್ತು.
ಚಾರ್ಜು ತಾಸಿಗೆ ನಾಲ್ಕು ಕಾಳು ಏರುತ್ತದೆ, ಅಂದೆ.
“ತನಕ ಅಂತ ಬರೆದಿದೆಯಲ್ಲ.”

ಆಗ ಮಾತು ಬಿಟ್ಟೆ, ಟೇಪು ಬಿಚ್ಚಿದೆ.
ತೂಗುಬಿಟ್ಟ ವಾಯರುಗಳನ್ನು ಒಂದೊಂದೇ ಇಳಿಸಿ
ಗಾಜಿನ ಕಟ್ಟೆಯ ಮೇಲೆ ಮಲಗಿಸಿದೆ.
ತೊಂಬತ್ತೊಂದು. ಎಂಬತ್ತಾರು.
ಕೆಂಪನೆಯದು, ಎರಡು ಮೀಟರಿನದು: ನೂರಾ ಅರವತ್ತೆಂಟು.
ಕಾಲೇಜು ಹುಡುಗನೊಬ್ಬ ಜೇಬಿನಿಂದ ತನ್ನದನ್ನು ತೆಗೆದ,
“ಇದನ್ನೂ ನೋಡಿ ಕಾಕು.”
ಅವನ ಹಿಂದೆ ಒಬ್ಬ ಪೋಸ್ಟ್‌ಮನ್ನು,
ಪೋಸ್ಟ್‌ಮನ್ನಿನ ಹಿಂದೆ ಸ್ಪೀಕರು ತಬ್ಬಿಕೊಂಡ ಬ್ಯಾಂಡಿನವ.
ನೀರಿಗೆ ಜಗ್ಗದ ಸ್ಪೀಕರಂತೆ,
ಒಂದು ಮದುವೆಯ ಶರಬತ್ತಿಗೇ ಸತ್ತಿತ್ತು.
ಅದಕ್ಕೆ ನನ್ನ ಟೇಪಿನಲ್ಲಿ ಅಳತೆಯಿಲ್ಲ, ಅಂದೆ.
ಆದರೂ ಸರದಿಯಲ್ಲೇ ನಿಂತ.

ಹುಡುಗ ಚಹಾ ತರಿಸಿದ. ದುಡ್ಡು ಮರಳಿಸಲಿಲ್ಲ.
ಕೈಗೊಂದು ಸ್ಕ್ರೀನ್ ಗಾರ್ಡು ಇಟ್ಟು, ಫುಕಟ್ ಅಂದ.
ಅದು ಬೇರೆ ಯಾವುದೋ ಮೊಬೈಲಿನದು.

ನಾವು ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತೇವೆ,
ನಾಳೆ ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಅಂತ.
ಬಿಲ್ಲಿನಲ್ಲಿ ಬರೆಯುವುದಿಲ್ಲ ಅದನ್ನು, ಬಾಯಿಬಿಟ್ಟು ಹೇಳುವುದೂ ಇಲ್ಲ.
ಇವರು ಬರೆದದ್ದರಲ್ಲೇ ಕತ್ತರಿ ಆಡಿಸುತ್ತಾರೆ.

ಸಂಜೆ ಗಾರ್ಗಿಯನ್ನು ಕರೆದೆ. ಆ ಕಡೆ ಅವಳು, ಈ ಕಡೆ ನಾನು,
ಕಬ್ಬಿಣದ ಕಾಲಿನ ಮಷೀನನ್ನೇ ಗೋಡೆಯತ್ತ ದೂಡಿದೆವು,
ಹದಿಮೂರು ಸೆಂಟಿಮೀಟರು, ಟೇಪು ಹಿಡಿದೇ.
ವಾಯರು ಮುಟ್ಟಿತು.
ಮೊಬೈಲು ಒಮ್ಮೆ ಹಸಿರಾಗಿ
ಮತ್ತೆ ಯೋಚನೆಗೆ ಬಿತ್ತು.

ಮದುವೆಯಾಗಿ ಬಂದ ವರ್ಷ ಇಟ್ಟ ಮಷೀನು, ಇಂದಿನವರೆಗೆ ಕದಲಿರಲಿಲ್ಲ.
ಶಹಾಬಾದಿ ಕಲ್ಲಿನ ಮೇಲೆ ನಾಲ್ಕು ಬಿಳಿ ಗುರುತು,
ಮತ್ತೆ, ಯಾರ ಯಾರ ಕುಪ್ಪಸದವೋ,
ಹನ್ನೊಂದು ಹುಕ್ಕು.