ಪ, ಬ, ಮ

ತುಟಿ ಸೇರದೆ ಹುಟ್ಟದ ಅಕ್ಷರಗಳು ಇವು.
ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡವನಿಗೆ
ವರ್ಣಮಾಲೆಯ ಒಂದು ಸಾಲು ಪೂರ್ತಿ ನಿಷಿದ್ಧ.
ಪ ಇದ್ದಲ್ಲಿ ತ, ಬ ಇದ್ದಲ್ಲಿ ದ, ಮ ಇದ್ದಲ್ಲಿ ನ:
ಹಲ್ಲಿನ ಹಿಂದೆ ನಾಲಗೆ ಬರೆಯುವ ಕಳ್ಳಲೆಕ್ಕ.
ಬೇಗ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.
ಅದಕ್ಕೇ ಇವನಿಗೆ ಸಂಕಣ್ಣ ಎಂದು ಹೆಸರಿಟ್ಟೆ,
ತುಟಿಗೆ ಕೆಲಸ ಕೊಡದ ಹೆಸರು.

ಖರ್ಜೂರದ ಪೆಟ್ಟಿಗೆಯ ಹಲಗೆ,
ಏಸಿ ಡಕ್ಟಿಗೆ ಸುತ್ತಿ ಉಳಿದ ಸ್ಪಂಜು,
ದವಡೆಗೆ ಬಾಲ್‌ಪೆನ್ನಿನ ಸ್ಪ್ರಿಂಗು.
ಗುದೈಬಿಯಾದ ಕೋಣೆಯಲ್ಲಿ ಆರು ಮಂಚ;
ಸಂಕಣ್ಣ ಏಳನೆಯವ, ಬಾಡಿಗೆ ಕೊಡದವ.

ಟಿಕೇಟಿನ ಮೇಲೆ ‘ದೊಡ್ಡವರಿಗೆ ಮಾತ್ರ’ ಎಂದು
ಅಚ್ಚು ಹಾಕಿಸಿದ್ದು ನಾನೇ.
ಮನಾಮದ ಆ ಸಣ್ಣ ಸಭಾಂಗಣ ತುಂಬಿದ್ದು ಅದರಿಂದಲೇ.
ಮಕ್ಕಳನ್ನು ಪಕ್ಕದ ಫ್ಲ್ಯಾಟಿನಲ್ಲಿ ಬಿಟ್ಟು
ಅತ್ತರು ಹಚ್ಚಿಕೊಂಡು ಬಂದರು, ಪೋಲಿ ಜೋಕಿಗೆ ಕಾಯುತ್ತ.
ಎರಡು ಹೇಳಿದೆವು. ಸಂಕಣ್ಣ ಒಂದು, ನಾನು ಒಂದು.

ಆಮೇಲೆ ಅವನಿಗೆ ನೋಣಯ್ಯನ ಅಂಗಿ ತೊಡಿಸಿದೆ.

ನೋಣಯ್ಯ ನನ್ನ ಕೆಳಗಿನ ಮಂಚದವ.
ಮಾರ್ಚಿನ ಒಂದು ನಸುಕು ಏಳಲಿಲ್ಲ.
ಅವನು ಸಲ್ಮಾನಿಯಾದ ಶೀತಪೆಟ್ಟಿಗೆಯಲ್ಲಿ,
ಅವನ ಕಾಗದ ಮೇಜಿನಿಂದ ಮೇಜಿಗೆ.
ಊರಿನಿಂದ ಅವನ ಭಾವನ ಫೋನು:
ಹುಡುಗಿಗೆ ಪಿಯುಸಿ ಪರೀಕ್ಷೆ ಉಂಟು ಮಾರಾಯ,
ಇನ್ನು ನಾಲ್ಕು ಪೇಪರು.
ನೀನು ಎಲ್ಲರ ಸ್ವರ ತೆಗೆಯುತ್ತೀಯಲ್ಲ...

ತೆಗೆದೆ.
ಒಂಬತ್ತು ರಾತ್ರಿ, ತಾರಸಿಯಲ್ಲಿ, ನೀರಿನ ಟ್ಯಾಂಕಿನ ಮರೆಗೆ.
ಫೋನಿನಲ್ಲಿ ತುಟಿ ಕಾಣುವುದಿಲ್ಲ,
ಇಡೀ ವರ್ಣಮಾಲೆ ನನ್ನದು.
ಮಗೂ ಎಂದೆ, ಬರ್ತೇನೆ ಎಂದೆ,
ಪಾಸಾದರೆ ವಾಚು ಎಂದೆ.
‘ಸ್ವರ ಯಾಕೆ ಹೀಗೆ, ಅಪ್ಪಾ?’
ಏಸಿಯ ಗಾಳಿ. ಶೀತ.
‘ಹ್ಞೂಂ.’

ನಾಲ್ಕನೆಯ ರಾತ್ರಿಯಿಂದ ಅವಳು ಅಪ್ಪಾ ಅನ್ನಲಿಲ್ಲ.
ಕೇಳಿದ್ದಕ್ಕೆಲ್ಲ ಹ್ಞೂಂ ಮಾತ್ರ,
ತುಟಿ ತೆರೆಯದೆ ಆಡಬಹುದಾದ ಮಾತು.
ಇದು ನನಗೆ ಹೊಳೆದದ್ದು ಎರಡು ವರ್ಷದ ಮೇಲೆ, ರಿಹರ್ಸಲಿನಲ್ಲಿ,
ಲೈಟಿನ ಫೆಲಿಕ್ಸ್ ಬೈಯುತ್ತ ಫ್ಯೂಸು ಹುಡುಕುತ್ತಿದ್ದಾಗ.

ರಂಗದ ಮೇಲೆ ಸಂಕಣ್ಣ ಫೋನು ಕಿವಿಗಿಟ್ಟ.
‘ನಗೂ’ ಎಂದ.
ಅವನಿಗೆ ಬರುವುದು ಅಷ್ಟೇ.
ಸಭೆ ನಕ್ಕಿತು. ನಗು ಎಂದರೆ ನಗಬೇಕಲ್ಲ.
‘ನಗೂ... ಅತ್ತ, ಅತ್ತ ದರ್ತಾನೆ.’
ಮತ್ತೆ ನಕ್ಕರು.
ಮೂರನೆಯ ಸಾಲಿನಲ್ಲಿ ಒಬ್ಬಳು, ನರ್ಸು ಇರಬೇಕು,
ಎದೆಗೆ ಗಡಿಯಾರ ತಲೆಕೆಳಗು ಚುಚ್ಚಿಕೊಂಡಿದ್ದವಳು,
ಮೊದಲು ನಿಲ್ಲಿಸಿದಳು.
ಉಳಿದವರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಪರದೆ ಎಳೆಯುವ ಅಬು ರಾಶಿದ್, ಮುಹರ್ರಕ್ಕಿನವ,
ಕನ್ನಡದ ಒಂದಕ್ಷರ ತಿಳಿಯದವ, ಒಮ್ಮೆ ಹೇಳಿದ್ದ:
ಅವನ ಅಜ್ಜ ಮುತ್ತಿಗೆ ಮುಳುಗುವಾಗ
ಕಾಲಿಗೆ ಕಲ್ಲು, ಮೂಗಿಗೆ ಎಲುಬಿನ ಚಿಮಟ,
ಬಾಯಿ ಬಿಟ್ಟರೆ ಸತ್ತ.
ಹಾಡುವವ ಮೇಲೆ, ದೋಣಿಯಲ್ಲಿ. ಅವನು ಬೇರೆ.

ಕೊನೆಯ ಮಾತು, ಬರೆದಿಟ್ಟಂತೆ, ಸಂಕಣ್ಣನದು.
ಅವನ ಬೆನ್ನಿನಿಂದ ಕೈ ತೆಗೆದೆ.
ಸ್ಪ್ರಿಂಗು ತಾನಾಗಿ ಅವನ ಬಾಯಿ ಮುಚ್ಚಿತು.
‘ಮಗೂ, ಪರೀಕ್ಷೆ ಮುಗಿಯಿತಾ?’
ಕೇಳಿದ್ದು ನಾನು. ನನ್ನ ಸ್ವರದಲ್ಲಿ,
ನನ್ನ ತುಟಿಯಲ್ಲಿ.

ಹೊರಗೆ ಬೆವರು ಸುರಿಸುವ ಗಾಳಿ. ಪಾರ್ಕಿಂಗಿನಲ್ಲಿ
ಒಬ್ಬರು ಕಾರಿನ ಗಾಜು ಇಳಿಸಿ ಕರೆದರು:
ಚಂದ ಆಯಿತು ಮಾರಾಯರೇ.
ಕೊನೆಗೆ ಮಾತ್ರ ತುಟಿ ಅಲ್ಲಾಡಿತು ನೋಡಿ,
ಅಭ್ಯಾಸ ಸಾಲದು.

ಹ್ಞೂಂ, ಎಂದೆ.